ನಾಯಿಯ ಪಾಲು

ನಮ್ಮ ಊರಿನ ಹಂದಿಬೇಟೆಯಲ್ಲಿ ಮಾಂಸ ಪಾಲು ಮಾಡುವಾಗ ನಾಯಿಗೂ ಒಂದು ಪಾಲು ಎತ್ತಿಡುತ್ತಿದ್ದರು. ಗುಂಡು ಹೊಡೆದವನಿಗೆ ಹಂದಿಯ ತಲೆ, ಬೇಟೆಗೆ ಬಂದ ಒಂದೊಂದು ಕೋವಿಗೂ ಒಂದೊಂದು ಪಾಲು, ಹಂದಿಗೆ ಅಡ್ಡ ನಿಂತ ನಾಯಿಗೆ ಒಂದು ಪಾಲು. ನಾಯಿಯ ಪಾಲು ಅದರ ಯಜಮಾನನ ಮನೆಗೆ ಹೋಗುತ್ತಿತ್ತು. ಮನೆಯವರು ಮಾಂಸ ತಾವು ತಿಂದು ಎಲುಬನ್ನು ನಾಯಿಗೆ ಹಾಕುತ್ತಿದ್ದರು. ಇದರಲ್ಲಿ ಯಾರಿಗೂ ತಪ್ಪೇನೂ ಕಾಣುತ್ತಿರಲಿಲ್ಲ, ನಾಯಿಯೂ ತಕರಾರು ಮಾಡಿದ್ದನ್ನು ನಾನು ನೋಡಿಲ್ಲ. ನನ್ನ ಆಯುಷ್ಯದಲ್ಲಿ ನಾನು ಅಂಥ ಪಾಲು ಹಲವು ಸಲ ಉಂಡಿರಬಹುದು. ನೆನಪಿರುವುದು ಒಂದೇ ಒಂದು.

ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿತ್ತು. ನಾನು ಹನ್ನೆರಡು ವರ್ಷದ ಹುಡುಗಿ, ಮನೆಯವರ ಮಾತಿನಲ್ಲಿ ಗೂಡೆ. ಕಕ್ಕಬೆಯಿಂದ ಒಂದು ಗುಡ್ಡ ಹತ್ತಿ ಇಳಿದರೆ ನಮ್ಮ ಮನೆ, ಕೆಳಗೆ ಗದ್ದೆ, ಮೇಲೆ ಏಲಕ್ಕಿ ಕಾಡು, ಮಧ್ಯೆ ಒಂದಿಷ್ಟು ಕಾಫಿ. ಮನೆಯಲ್ಲಿ ಅಜ್ಜ, ಅಪ್ಪ, ಅವ್ವ, ನಾನು. ಜೊತೆಗೆ ಚಿಕ್ಕಮ್ಮ. ಚಿಕ್ಕಮ್ಮನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಆಗಿತ್ತು, ಗಂಡ ಇರಲಿಲ್ಲ.

ಚಿಕ್ಕಪ್ಪ ಸತ್ತದ್ದು ಹಿಂದಿನ ವರ್ಷದ ಬೇಟೆಯಲ್ಲಿ. ಗಾಯಗೊಂಡ ಹಂದಿ ಒಂದು ಕಿರಿದಾದ ತೋಡಿನಲ್ಲಿ, ನೀರು ಹರಿಯುವ ಹಳ್ಳದಲ್ಲಿ, ಅಡಗಿತ್ತಂತೆ. ಚಿಕ್ಕಪ್ಪ ಇಳಿದರು, ಹಂದಿ ಎದ್ದಿತು, ಅಷ್ಟೇ. ನಮ್ಮ ಮನೆಯ ನಾಯಿಯೂ ಜೊತೆಗಿತ್ತು. ಅದು ಮೇಲೆ ದಂಡೆಯಲ್ಲಿ ನಿಂತು ಬೊಗಳುತ್ತಾ ಇತ್ತು, ಕೆಳಗೆ ಇಳಿಯಲಿಲ್ಲ. ಅಜ್ಜ ಆ ನಾಯಿಗೆ ಒಂದು ಪೆಟ್ಟೂ ಹೊಡೆಯಲಿಲ್ಲ. ಆ ವರ್ಷವೇ ಅದು ಮುದಿಯಾಗಿ ಸತ್ತಿತು. ಅದರ ಹೆಸರನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಬೇಟೆಗೆ ಹೋಗದಿದ್ದರೆ ಆಗುತ್ತಿರಲಿಲ್ಲವೇ ಅಂತ ಈಗಿನವರು ಕೇಳುತ್ತಾರೆ. ಆಗುತ್ತಿರಲಿಲ್ಲ. ತೆನೆ ಬಲಿಯುವ ಹೊತ್ತಿಗೆ ಹಂದಿಗಳು ಇಳಿದರೆ ಗದ್ದೆ ಉತ್ತ ಹಾಗೆ ಕಾಣುತ್ತಿತ್ತು. ಊರಿನ ಬೇಟೆಗೆ ಮನೆಗೊಂದು ಕೋವಿ ಬರಲೇಬೇಕೆಂಬುದು ಕಟ್ಟಳೆ. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಚಿಕ್ಕಪ್ಪ ಇರಲಿಲ್ಲ. ಉಳಿದದ್ದು ಅಪ್ಪನ ಕೋವಿ ಒಂದೇ. ಆ ವರ್ಷ ಕೋವಿಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮಾರನೇ ದಿನ ಅಪ್ಪ ಅದೇ ಕಾಡಿಗೆ ಹೋಗುವವರಿದ್ದರು.

"ನಾಯಿ ಇಲ್ಲದೆ ಅವನ ಕಳ್ಸುದಿಲ್ಲೆ," ಅಂತ ಅಜ್ಜ ಹೇಳಿದರು. "ನಿಲ್ಲುವ ನಾಯಿ ಒಂದು ಬೇಕು."

ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಸರಿ ನೋಡಿ ತನ್ನಿ ಮಾವ. ಅಕ್ಕನೂ ನನ್ನಂಗೆ ಕೂರುದು ಬೇಡ."

ಸುದ್ದಿ ಊರೂರಿಗೆ ಹೋಯಿತು. ಒಂದೇ ವಾರದಲ್ಲಿ ಎರಡು ನಾಯಿ ಬಂದವು.

ಮೊದಲನೆಯದನ್ನು ತಂದವನು ಅಪ್ಪನ ಗೆಳೆಯ, ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನ ತಮಿಳು ಮೇಸ್ತ್ರಿ. ಅದು ಕೊಂಬೈ ಜಾತಿಯದು. ಇಟ್ಟಿಗೆ ಬಣ್ಣದ ಮೈ, ಮಸಿ ಬಳಿದಂಥ ಮೂತಿ, ಗಟ್ಟಿಮುಟ್ಟಾದ ದೇಹ, ನೆಟ್ಟಗಿನ ಕಿವಿ. ಯಾರನ್ನು ನೋಡಿದರೂ ಗುರ್ ಅನ್ನುತ್ತಿತ್ತು. "ಹಂದಿಗೆ ಅಂತಾನೇ ಹುಟ್ಟಿದ ನಾಯಿ ಅಯ್ಯಾ," ಅಂದ ಮೇಸ್ತ್ರಿ. "ಹಿಡಿದ್ರೆ ಬಿಡಲ್ಲ. ಜನ ಅಂದ್ರೆ ಮಾತ್ರ ಅದಕ್ಕೆ ಆಗಲ್ಲ. ನಿಮಗೆ ಒಗ್ಗದಿದ್ರೆ ನನಗೆ ವಾಪಸ್ ಬೇಡ, ಒಳ್ಳೆ ಮನೆ ನೋಡಿ ಕೊಟ್ಟುಬಿಡಿ."

ಎರಡನೆಯದನ್ನು ತಂದವನು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಲ್ಲಿಯ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ. ಅದು ಊಟಿಯ ಕಡೆಯಿಂದ ತರಿಸಿದ ಹೌಂಡ್. ಬಿಳಿ ಮೈಮೇಲೆ ಕಪ್ಪು, ಕಂದು ಮಚ್ಚೆ, ಉದ್ದ ಕಾಲು, ಗಲ್ಲದ ಕೆಳಗಿನವರೆಗೂ ಜೋತುಬಿದ್ದ ಕಿವಿ. ಕಿವಿ ಮುಟ್ಟಿದರೆ ವೀಳ್ಯದೆಲೆ ಮುಟ್ಟಿದ ಹಾಗೆ ತಣ್ಣಗೆ, ಮೆತ್ತಗೆ. "ಮೂಗು ಅಂದ್ರೆ ಇದರ ಮೂಗು," ಅಂದ ರೈಟರ್. "ಕುದುರೆ ಜೊತೆ ಹತ್ತು ಮೈಲಿ ಓಡಿದ ನಾಯಿ ಸ್ವಾಮಿ ಇದು. ದೊರೆಗಳು ಕುದುರೆ ಮೇಲೆ ನರಿಬೇಟೆಗೆ ಹೋಗ್ತಾರಲ್ಲ, ಆ ಜಾತಿ."

ಕುದುರೆ ಜೊತೆ ಓಡಿದ ನಾಯಿ ಅನ್ನುವುದು ನಮ್ಮ ಮನೆಯಲ್ಲಿ ದೊಡ್ಡ ಸಂಗತಿಯಾಯಿತು. ಅಪ್ಪ ಅದನ್ನು ನೆಂಟರಿಗೆಲ್ಲ ಹೇಳಿದರು. ಕುದುರೆಯ ಮೇಲೆ ಬೇಟೆಗೆ ಹೋಗುವವರು ಕೋವಿ ಒಯ್ಯುವುದಿಲ್ಲ, ನಾಯಿಗಳೇ ಓಡಿಸಿ ಓಡಿಸಿ ಕೊಲ್ಲುತ್ತವೆ ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಸೀಮೆ ನಮ್ಮದು. ಕೋವಿಯ ಸದ್ದು ಕೇಳದ ಬೇಟೆನಾಯಿ ಒಂದು ಲೋಕದಲ್ಲಿದೆ ಅಂದರೆ ನಾವು ನಕ್ಕುಬಿಡುತ್ತಿದ್ದೆವು.

ಎರಡೂ ಗಂಡುನಾಯಿ. ಒಂದನ್ನೊಂದು ಕಂಡರೆ ಸಾಕು, ಹಲ್ಲು ಕಾಣಿಸುತ್ತಿದ್ದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳಿಸಲೇಬೇಕಿತ್ತು. ಯಾವುದು ಅಂತ ನೋಡುವುದಕ್ಕೆ ಎರಡು ತಿಂಗಳಿತ್ತು. ಆದರೆ ಅದು ನಾಟಿಯ ಕಾಲ. ನಾಟಿ ಶುರುವಾದರೆ ಕೋವಿಗಳು ದೇವರ ಕೋಣೆ ಸೇರುತ್ತಿದ್ದವು. ಕೈಲ್ ಮುಹೂರ್ತದ ದಿನ ಪೂಜೆ ಮಾಡಿ ಹೊರಗೆ ತೆಗೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ಜನನ ಮರಣಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ಬೇಟೆನಾಯಿಯ ಪರೀಕ್ಷೆ ಕೋವಿಯಿಲ್ಲದೆಯೇ ನಡೆಯಬೇಕಾಯಿತು.

ಅನ್ನ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜ ನನ್ನನ್ನು ಜಗಲಿಯಲ್ಲಿ ಎದುರಿಗೆ ಕೂರಿಸಿಕೊಂಡು ಎರಡು ಮಾತು ಹೇಳಿದರು. "ಕೇಳ್ ಗೂಡೆ. ನಂಗೆ ಕಣ್ಣ್ ಕಾಣುದಿಲ್ಲೆ. ನಿನ್ನಪ್ಪಂಗೆ ಪುರುಸೊತ್ತಿಲ್ಲೆ. ಅನ್ನ ಹಾಕುವವ್ರಿಗೆ ನಾಯಿದ್ ಗುಣ ಗೊತ್ತಾದೆ. ಎಲ್ಲಾ ನೋಡ್, ಕಂಡದ್ದ್ ಕಂಡಂಗೆ ನಂಗೆ ಹೇಳ್. ಮತ್ತೆ, ಯಾವುದ್ ಅಂತ ಗೊತ್ತಾಗುವವರೆಗೆ ಒಂದಕ್ಕೂ ಹೆಸರಿಡಬೇಡ. ಹೆಸರಿಟ್ಟರೆ ಬಿಡಿಕೆ ಕಷ್ಟ."

ಒಂದು ವಾರದೊಳಗೆ ಹೌಂಡಿಗೆ ಹೆಸರಿಟ್ಟುಬಿಟ್ಟೆ. ಕೊಟ್ಟಿಗೆಯ ಹಿಂದೆ ಯಾರಿಗೂ ಕೇಳದ ಹಾಗೆ ಕರೆಯುತ್ತಿದ್ದೆ. ಆ ಹೆಸರನ್ನು ಇವತ್ತಿಗೂ ಹೇಳುವ ಮನಸ್ಸಿಲ್ಲ, ಇಲ್ಲೂ ಬರೆಯುವುದಿಲ್ಲ. ಕೊಂಬೈ ಮಾತ್ರ ಕೊಂಬೈ ಆಗಿಯೇ ಉಳಿಯಿತು.

ನನಗೆ ಕೊಂಬೈ ಕಂಡರೆ ಆಗುತ್ತಿರಲಿಲ್ಲ. ಅದು ನಾಟಿಗೆ ಬಂದ ಹೆಂಗಸರ ಸೆರಗು ಹಿಡಿದು ಎಳೆಯಿತು, ಅವ್ವನ ಕೈಯಲ್ಲಿ ಬೈಸಿಕೊಂಡಿತು, ಹಗಲೆಲ್ಲ ಸರಪಳಿಯಲ್ಲಿ ಬಿದ್ದಿರುತ್ತಿತ್ತು. ಅನ್ನ ಹಾಕಿದರೆ ನಾನು ಹತ್ತು ಹೆಜ್ಜೆ ಹಿಂದೆ ಸರಿಯುವವರೆಗೆ ಬಾಯಿ ಹಾಕುತ್ತಿರಲಿಲ್ಲ. ಬಾಲ ಆಡಿಸಿದ್ದನ್ನು ನಾನು ಕಾಣೆ. ಹೌಂಡ್ ಹಾಗಲ್ಲ. ನಾನು ಗದ್ದೆಬದಿಯಲ್ಲಿ ಕೂತರೆ ತಲೆ ತಂದು ತೊಡೆಯ ಮೇಲಿಡುತ್ತಿತ್ತು. ಕಾಡಿನ ಕಡೆ ಮೂತಿ ಎತ್ತಿ ಅದು ಕೂಗಿದರೆ ಎದುರುಗುಡ್ಡದಿಂದ ಕೂಗು ತಿರುಗಿ ಬರುತ್ತಿತ್ತು. ಚಿಕ್ಕಪ್ಪ ಹೋದಮೇಲೆ ಆ ಮನೆಯಲ್ಲಿ ಗಟ್ಟಿಯಾಗಿ ಕೇಳಿದ ಮೊದಲ ದನಿ ಅದೇ. ಅದು ಕೂಗುವಾಗ ಅಜ್ಜ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅದನ್ನೂ ನಾನು ನೋಡಿದ್ದೆ.

ಅಪ್ಪ ಬಿಡುವಾದಾಗ ಒಣಗಿದ ಹಂದಿಚರ್ಮವನ್ನು ಹಗ್ಗಕ್ಕೆ ಕಟ್ಟಿ ಏಲಕ್ಕಿ ಕಾಡಿನಲ್ಲೆಲ್ಲ ಎಳೆದುಕೊಂಡು ಹೋಗಿ ಎಲ್ಲೋ ಅಡಗಿಸಿಡುತ್ತಿದ್ದರು. ಹೌಂಡ್ ಬಿಟ್ಟರೆ ಮೂಗು ನೆಲಕ್ಕಿಟ್ಟು ನೂಲು ಹಿಡಿದ ಹಾಗೆ ಹೋಗಿ ನಿಲ್ಲುತ್ತಿತ್ತು. ಕೊಂಬೈ ಅರ್ಧ ದಾರಿಯಲ್ಲಿ ವಾಸನೆ ಬಿಟ್ಟು ಅಪ್ಪನ ಸುತ್ತಲೇ ಸುತ್ತುತ್ತಿತ್ತು. ಅಪ್ಪ ಜಾರಿ ಬಿದ್ದ ಒಂದು ದಿನ ಹೌಂಡ್ ಹಿಂತಿರುಗಿಯೂ ನೋಡದೆ ಮುಂದೆ ಹೋಯಿತು, ಕೊಂಬೈ ಬಂದು ಬಿದ್ದವರಿಗೆ ಬೆನ್ನು ಮಾಡಿ ಕಾಡಿನ ಕಡೆ ಮುಖ ಮಾಡಿ ನಿಂತಿತು. ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಕಂಡದ್ದು ಕಂಡ ಹಾಗೆಯೇ ಹೇಳಿದೆ.

ಅಜ್ಜ, ಅಪ್ಪ ಇಬ್ಬರೂ ದಿನಗಟ್ಟಲೆ ತೂಗಿ ನೋಡಿದರು. ಅಪ್ಪನ ಮನಸ್ಸು ಹೌಂಡಿನ ಕಡೆಗೆ ವಾಲಿತ್ತು. "ಅವ ಸತ್ತದ್ದ್ ಹಂದಿ ಎಲ್ಲಿ ಉಂಟು ಅಂತ ಗೊತ್ತಿಲ್ಲದೆ," ಅನ್ನುತ್ತಿದ್ದರು ಅಪ್ಪ. "ಮೂಗಿರುವ ನಾಯಿ ಇದ್ದಿದ್ದರೆ ಅವ ತೋಡಿಗೆ ಇಳಿತಿರ್ಲಿಲ್ಲೆ." ಅದರಲ್ಲೂ ಸತ್ಯ ಇತ್ತು. ಅಜ್ಜ ಹೂಂ ಅನ್ನುತ್ತಿದ್ದರು, ಊಹೂಂ ಅನ್ನುತ್ತಿದ್ದರು, ಏನೂ ತೀರ್ಮಾನಿಸುತ್ತಿರಲಿಲ್ಲ.

ಆಗ ಎದುರುಗುಡ್ಡದ ಮನೆಯಲ್ಲಿ ಕೂಸು ಹುಟ್ಟಿತು.

ಬೆಳಗ್ಗೆ ಹತ್ತು ಗಂಟೆಯಿರಬಹುದು. ಅಜ್ಜನನ್ನು ಕರೆದುಕೊಂಡು ಅಪ್ಪ ಕಕ್ಕಬೆಗೆ ಹೋಗಿದ್ದರು. ಅವ್ವ, ಚಿಕ್ಕಮ್ಮ ಗದ್ದೆಯಲ್ಲಿದ್ದರು. ನಾನು ಎರಡು ನಾಯಿಗೂ ಅನ್ನ ಹಾಕಿ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಎದುರುಗುಡ್ಡದಿಂದ ಒಂದು ಗುಂಡು ಹಾರಿತು, ಗಂಡುಕೂಸಿನ ಗುಂಡು. ಕೊಂಬೈ ಸರಪಳಿ ಎಳೆದುಕೊಂಡು ಎದ್ದಿತು. ಕಿವಿ ಎರಡೂ ಸದ್ದು ಬಂದ ದಿಕ್ಕಿಗೆ ನಿಮಿರಿದವು. ಆಮೇಲೆ ಸರಪಳಿ ಎಷ್ಟು ಬಿಡುತ್ತದೋ ಅಷ್ಟು ದೂರ ಬಂದು ನನ್ನ ಮುಂದೆ ನಿಂತಿತು. ನಾನು ಅದರ ಆಚೆಗೆ ಕತ್ತು ಚಾಚಿ ಇನ್ನೊಂದನ್ನು ಹುಡುಕಿದೆ.

ಹೌಂಡ್ ಅಂಗಳದಲ್ಲಿರಲಿಲ್ಲ. ಒಳಗೆ ಭತ್ತದ ಪತ್ತಾಯದ ಕೆಳಗೆ, ಆ ದೊಡ್ಡ ಮರದ ಪೆಟ್ಟಿಗೆಯ ಕಾಲುಗಳ ಸಂದಿಯಲ್ಲಿ, ಗೋಡೆಗೆ ಒತ್ತಿಕೊಂಡು ಮಲಗಿತ್ತು. ಮೈಯೆಲ್ಲ ಗಡಗಡ ನಡುಗುತ್ತಿತ್ತು, ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ನಾನು ತೆವಳಿ ಒಳಗೆ ಹೋಗಿ ಅದರ ಪಕ್ಕ ಮಲಗಿದೆ. ಕಿವಿ ಎರಡನ್ನೂ ಕೈಯಿಂದ ಮುಚ್ಚಿ ಹಿಡಿದೆ. ನಡುಕ ನಿಲ್ಲುವುದಕ್ಕೆ ತುಂಬಾ ಹೊತ್ತು ಹಿಡಿಯಿತು. ಹೊರಗೆ ಬಂದು ನೆಲ ಒರೆಸಿ, ಬಟ್ಟೆಯನ್ನು ತೋಡಿನಲ್ಲಿ ಹಿಂಡಿ ಒಣಗಿಸಿದೆ. ಆ ಬಟ್ಟೆಯನ್ನು ಒಣಗಿಸುವಾಗಲೇ ನನಗೆ ಗೊತ್ತಿತ್ತು, ಇದನ್ನು ಯಾರಿಗೂ ಹೇಳುವುದಿಲ್ಲ ಅಂತ.

ನಿನಗೇನು ಗೊತ್ತಾಗುತ್ತಿತ್ತು, ಚಿಕ್ಕವಳು ಅಂತ ಈಗ ನೀವು ಅನ್ನಬಹುದು. ಹನ್ನೆರಡು ವರ್ಷದ ಗೂಡೆಗೆ ಎಲ್ಲಾ ಗೊತ್ತಾಗುತ್ತದೆ. ಗುಂಡಿಗೆ ಹೆದರುವ ನಾಯಿ ಬೇಟೆಯಲ್ಲಿ ಏನು ಮಾಡುತ್ತದೆ ಅಂತ ಗೊತ್ತಿತ್ತು. ಚಿಕ್ಕಪ್ಪನನ್ನು ಹೊತ್ತು ತಂದದ್ದನ್ನು ನೋಡಿದ್ದೆ. ಆದರೂ ಅಪ್ಪನಿಗೆ ಏನೂ ಆಗುವುದಿಲ್ಲ ಅಂತ ನನ್ನ ಮನಸ್ಸು ಹಟ ಹಿಡಿದಿತ್ತು. ಅಪ್ಪ ಅಲ್ಲವಾ, ಅವರಿಗೆ ಏನಾಗುತ್ತದೆ?

ಸಂಜೆ ಅಜ್ಜ ಕರೆದರು. ದಾರಿಯಲ್ಲಿ ಅವರಿಗೂ ಗುಂಡು ಕೇಳಿತ್ತು.

"ಗುಂಡು ಹಾರಿತಲ್ಲ ಗೂಡೆ. ನಾಯಿಗ ಎಂತ ಮಾಡ್ದೊ?"

"ಎರಡೂ ಕಿವಿ ನಿಮಿರ್ಸಿ ನಿಂತೊ ಅಜ್ಜ," ಅಂದೆ.

ಅಜ್ಜ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿದರು. ಕೈ ಚಾಚಿ ನನ್ನ ತಲೆ ಸವರಿದರು. "ಆತ್. ಹಂಗಾರೆ ಅದೇ ಇರ್ಲಿ. ಮೂಗಿನದ್ದೇ ಇರ್ಲಿ," ಅಂದರು.

ಅಷ್ಟು ಸಲೀಸಾಗಿ ಮುಗಿಯಿತು. ಕೊಂಬೈಯನ್ನು ಎದುರುಗುಡ್ಡದ ಮನೆಗೆ ಕೊಟ್ಟರು. ಆ ಮನೆಯ ಹಿರಿಯರು ಮೊಮ್ಮಗ ಹುಟ್ಟಿದ ಖುಷಿಯಲ್ಲಿದ್ದರು, ಬಾಯ್ತುಂಬ ನಕ್ಕು ಹಗ್ಗ ಹಿಡಿದುಕೊಂಡರು. ಕೊಂಬೈ ಅವರ ಜೊತೆ ಹೋಯಿತು. ಗದ್ದೆಯ ಏರಿಯ ಮೇಲೆ ಒಂದು ಸಲ ನಿಂತು ಹಿಂದಕ್ಕೆ ನೋಡಿತು. ಅನ್ನದ ಹೊತ್ತಾಗಿತ್ತು, ಅದಕ್ಕೇ ನೋಡಿರಬೇಕು ಅಂತ ನಾನು ನನಗೇ ಹೇಳಿಕೊಂಡೆ.

ಹತ್ತು ದಿನ ಕಳೆದು ಕೈಲ್ ಮುಹೂರ್ತ ಬಂತು. ಕೋವಿಗಳನ್ನು ಹೊರಗೆ ತೆಗೆದು, ಒರೆಸಿ, ಕಾಡಿನ ಹೂ ಸಿಕ್ಕಿಸಿ ಪೂಜೆ ಮಾಡಿದರು. ಮಧ್ಯಾಹ್ನ ಊರಿನ ಬಯಲಿನಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ನಾನು ಆ ಪಂದ್ಯ ನೋಡಲು ಹೋಗಲಿಲ್ಲ. ಹೌಂಡನ್ನು ಹಿಡಿದುಕೊಂಡು ಏಲಕ್ಕಿ ಕಾಡಿನ ಆಚೆ, ಬಯಲಿನ ಸದ್ದು ತೀರಾ ಕೇಳದ ಇಳಿಜಾರಿಗೆ ಹೋಗಿ ಸಂಜೆಯವರೆಗೆ ಕೂತೆ. ಹೊಟ್ಟೆನೋವು ಅಂತ ಅವ್ವನಿಗೆ ಹೇಳಿದ್ದೆ. ಮನೆಯಲ್ಲಿ ಹಂದಿಮಾಂಸ, ಅಕ್ಕಿತರಿಯ ಉಂಡೆ ಕಡಂಬಿಟ್ಟು ಮಾಡಿದ್ದರು, ಹೊಟ್ಟೆನೋವಿನವಳಿಗೆ ಗಂಜಿ ಸಿಕ್ಕಿತು. ನನಗೆ ತಕ್ಕದ್ದೇ ಸಿಕ್ಕಿತು.

ಮಾರನೇ ದಿನ ಬೆಳಗ್ಗೆ ಅಪ್ಪ ಹೊರಟರು. ನಮ್ಮ ಕಡೆಯ ಗಂಡಸರಿಗೆ ಬೇಟೆಗೆ ಹೊರಡುವ ದಿನ ಮಾತು ಜಾಸ್ತಿ. ಹೋದ ವರ್ಷ ಹೊಡೆದ ಹಂದಿ ಈ ವರ್ಷಕ್ಕೆ ಇನ್ನೂ ಒಂದು ಮಣ ದಪ್ಪವಾಗಿರುತ್ತದೆ. ಅಪ್ಪ ಮಾತ್ರ ಆ ದಿನ ತೋಟಾಗಳನ್ನು ಎರಡೆರಡು ಸಲ ಎಣಿಸಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಹೌಂಡಿನ ಹಗ್ಗ ಅಪ್ಪನ ಕೈಯಲ್ಲಿತ್ತು, ಅದು ಹಿಗ್ಗಿ ಹಿಗ್ಗಿ ಎಳೆಯುತ್ತಿತ್ತು. ಆಗಲೂ ಹೇಳಬಹುದಿತ್ತು.  ಅಪ್ಪ ಗೇಟು ದಾಟುವವರೆಗೂ ಹೇಳಲಿಲ್ಲ, ದಾಟಿದ ಮೇಲೆ ಓಡಿಹೋಗಿಯೂ ಹೇಳಲಿಲ್ಲ.

ನಾವು ಮೂರು ಜನ ಹೆಂಗಸರು ಅಂಗಳದಲ್ಲಿ ಕೂತು ಹೊಸ ಚಾಪೆಗೆ ಹುಲ್ಲು ಸೀಳುತ್ತಿದ್ದೆವು. ಅಜ್ಜ ಜಗಲಿಯಲ್ಲಿದ್ದರು. ಬಿಸಿಲೇರಿದ ಮೇಲೆ ಮೇಲಿನ ಕಾಡಿನಲ್ಲಿ ಹೌಂಡಿನ ಕೂಗು ಎದ್ದಿತು. ಒಂದೇ ದನಿ, ಇಡೀ ಗುಡ್ಡಕ್ಕೆ ಹಬ್ಬಿಕೊಂಡಿತು. "ಹಿಡ್ತ್, ವಾಸನೆ ಹಿಡ್ತ್," ಅಂತ ಅಜ್ಜ ಕೋಲು ನೆಲಕ್ಕೆ ಕುಟ್ಟಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ನೋಡಿದೆ.

ಆಮೇಲೆ ಒಂದು ಗುಂಡು.

ಕೂಗು ಕತ್ತರಿಸಿ ಹಾಕಿದ ಹಾಗೆ ನಿಂತುಹೋಯಿತು.

"ಒಂದ್," ಅಂದಳು ಚಿಕ್ಕಮ್ಮ. ಅವಳ ಕೈಯಲ್ಲಿದ್ದ ಹುಲ್ಲು ಹಾಗೇ ಇತ್ತು. ಕಾಡಿನಿಂದ ಏನೂ ಕೇಳಲಿಲ್ಲ. ಅವ್ವ ಎದ್ದು ನಿಂತಳು. ಒಂದು ಸೌಟು ಅನ್ನ ಉಣ್ಣುವಷ್ಟು ಹೊತ್ತು ಕಳೆದಿರಬಹುದು. ಮತ್ತೆ ಒಂದು ಗುಂಡು ಹಾರಿತು.

"ಎರಡ್," ಅಂದಳು ಚಿಕ್ಕಮ್ಮ.

ಬೇಟೆಯ ದಿನ ಎರಡು ಗುಂಡಿಗೆ ಏನೂ ಅರ್ಥವಿಲ್ಲ ಅಂತ ನಾವೆಲ್ಲ ಬಲ್ಲೆವು. ಹತ್ತು ಹಾರುತ್ತವೆ, ಇಪ್ಪತ್ತು ಹಾರುತ್ತವೆ. ಆದರೂ ಅವ್ವ ಅಂಗಳದ ನಡುವೆಯೇ ಕುಸಿದು ಕೂತಳು. ಅಷ್ಟರಲ್ಲಿ ಹೌಂಡ್ ಬಂತು. ಒಂದೇ ಬಂತು. ಕೊರಳಲ್ಲಿ ತುಂಡಾದ ಹಗ್ಗ, ಮೈತುಂಬ ಕೆಸರು. ನಮ್ಮ ಯಾರ ಮುಖವನ್ನೂ ನೋಡದೆ ಒಳಗೆ ನುಗ್ಗಿ ಪತ್ತಾಯದ ಕೆಳಗೆ ಸೇರಿಕೊಂಡಿತು. ಚಿಕ್ಕಮ್ಮ ಅದು ಹೋದ ಬಾಗಿಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. 

ಅಪ್ಪನನ್ನು ಕಂಬಳಿಯಲ್ಲಿ ಹಾಕಿ ಬಿದಿರಿಗೆ ಕಟ್ಟಿ ಹೊತ್ತು ತಂದರು. ಚಿಕ್ಕಪ್ಪನನ್ನು ತಂದದ್ದೂ ಹಾಗೆಯೇ. ಆದರೆ ಅಪ್ಪ ಕಣ್ಣು ಬಿಟ್ಟಿದ್ದರು. ಬಲತೊಡೆ ಮೊಣಕಾಲಿನಿಂದ ಮೇಲಕ್ಕೆ ಸೀಳಿತ್ತು. ಎಸ್ಟೇಟಿನ ಜೀಪು ತರಿಸಿ ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅವ್ವನೂ ಹತ್ತಿದಳು. ಉಳಿಯುತ್ತಾರೆ ಅನ್ನುವ ಸುದ್ದಿ ಬಂದದ್ದು ಮಾರನೇ ದಿನ ಮಧ್ಯಾಹ್ನ. ಅಲ್ಲಿಯವರೆಗೆ ಆ ಮನೆಯಲ್ಲಿ ಒಲೆ ಉರಿಯಲಿಲ್ಲ.

ಆ ಸುದ್ದಿಯ ಹಿಂದೆಯೇ ಎದುರುಗುಡ್ಡದ ಹಿರಿಯರು ಬಂದರು. ಕೈಯಲ್ಲಿ ಬಾಳೆಲೆಯ ಎರಡು ಕಟ್ಟಿತ್ತು. ಕಾಡಿನಲ್ಲಿ ನಡೆದದ್ದನ್ನು ಅಜ್ಜನಿಗೆ ಪೂರ್ತಿ ಹೇಳಿದವರು ಅವರೇ. ಹೌಂಡ್ ಹಂದಿಯನ್ನು ಸರಿಯಾಗಿಯೇ ಎಬ್ಬಿಸಿತ್ತು. ಅಪ್ಪನ ಗುಂಡು ಹಂದಿಯ ಭುಜಕ್ಕೆ ತಾಗಿತು, ಬೀಳಲಿಲ್ಲ. ಗುಂಡಿನ ಸದ್ದಿಗೆ ಹೌಂಡ್ ಹಗ್ಗ ಹರಿದುಕೊಂಡು ಓಡಿತು, ಅದರ ಎಳೆತಕ್ಕೆ ಅಪ್ಪ ಮುಗ್ಗರಿಸಿದರು. ಹಂದಿ ತಿರುಗಿತು. ಒಂದು ಸಲ ತಿವಿದು ಎರಡನೇ ಸಲಕ್ಕೆ ಬಂದಾಗ ಕೊಂಬೈ ನಡುವೆ ಬಿತ್ತು. ಹಂದಿಯ ಕಿವಿ ಕಚ್ಚಿ ಹಿಡಿಯಿತು. ಹೊಟ್ಟೆ ಸೀಳಿದರೂ ಬಿಡಲಿಲ್ಲ. ಹಿರಿಯರ ಮಗ ಓಡಿ ಬಂದು ಎರಡನೇ ಗುಂಡು ಹೊಡೆಯುವವರೆಗೂ ಬಿಡಲಿಲ್ಲ. ಹಂದಿ ಸತ್ತಮೇಲೂ ಬಾಯಿ ಬಿಡಿಸಲು ಕೋಲು ಬೇಕಾಯಿತಂತೆ. ಆ ಹೊತ್ತಿಗೆ ಅದರ ಜೀವ ಹೋಗಿತ್ತು.

"ಇದ್ ನಿಮ್ಮ ಕೋವಿ ಪಾಲ್," ಅಂತ ಹಿರಿಯರು ಒಂದು ಕಟ್ಟನ್ನು ಜಗಲಿಯ ಮೇಲಿಟ್ಟರು. ಇನ್ನೊಂದನ್ನು ತಂದು ನನ್ನ ಕೈಗೇ ಕೊಟ್ಟರು. "ಇದ್ ನಾಯಿ ಪಾಲ್. ನಮ್ಮಲ್ಲಿ ಅದ್ ಇದ್ದದ್ ಹತ್ತ್ ದಿನ. ಎರಡ್ ತಿಂಗ ಅನ್ನ ಹಾಕಿದ್ ನೀನ್ ಅಲ್ಲಾ ಮಗಾ? ಅನ್ನ ಹಾಕ್ದ ಕೈಗೆ ಸೇರೊಕು. ಅದ್ ನಿನ್ನ ಅಪ್ಪನ ಗುರ್ತ ಮರ್ತಿರ್ಲಿಲ್ಲೆ."

ಎಲೆಯ ಕಟ್ಟು ಭಾರವಾಗಿತ್ತು, ಕೈಗೆ ತಣ್ಣಗೆ ತಾಗುತ್ತಿತ್ತು. ಹಿರಿಯರು ಗದ್ದೆಯ ಏರಿ ಇಳಿದು ಹೋಗುವವರೆಗೆ ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಅಜ್ಜನ ಮುಂದೆ ಅದನ್ನು ಇಟ್ಟು ಎಲ್ಲಾ ಹೇಳಿದೆ. ಪತ್ತಾಯದ ಕೆಳಗಿನದನ್ನು, ನೆಲ ಒರೆಸಿದ ಬಟ್ಟೆಯನ್ನು, ಪಂದ್ಯದ ದಿನದ ಹೊಟ್ಟೆನೋವನ್ನು, ಇಟ್ಟ ಹೆಸರನ್ನು. ಚಿಕ್ಕಮ್ಮ ಬಾಗಿಲಿಗೆ ಒರಗಿ ಕೇಳುತ್ತಿದ್ದಳು.  ಇದನ್ನು ಹಿರಿಯರಿಗೆ ವಾಪಸ್ ಕೊಟ್ಟುಬಿಡಿ, ನನಗೆ ಇದು ಬೇಡ ಅಂತ ಅತ್ತೆ.

ಅಜ್ಜ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸುತ್ತದೆ.

"ಪಾಲ್ ವಾಪಸ್ ಕೊಡುವ ಕ್ರಮ ಇಲ್ಲೆ," ಅಂದರು. ಆಮೇಲೆ, "ಜೋಲು ಕಿವಿದ್ ನಾಯಿ ಕಿವಿ ನಿಮಿರ್ಸುದುಂಟಾ ಗೂಡೆ? ಅಂದೇ ನಂಗೆ ಗೊತ್ತಾತ್, ನೀ ಸುಳ್ಳ್ ಹೇಳಿದ್ ಅಂತ. ಮತ್ತೊಂದ್ ಮಾತ್ ಕೇಳೊಕಿತ್ತ್ ನಾ. ಕೇಳಿಲ್ಲೆ. ನಂಗೂ ಅದ್ರ ಕೂಗೇ ಬೇಕಿತ್ತ್."

ಅವರ ಪೊರೆಗಣ್ಣಿನಿಂದ ನೀರು ಇಳಿಯುತ್ತಿತ್ತು. ಅಜ್ಜ ಅತ್ತದ್ದನ್ನು ಚಿಕ್ಕಪ್ಪನ ದಿನವೂ ನಾನು ನೋಡಿರಲಿಲ್ಲ. ನನ್ನ ತಪ್ಪನ್ನು ಅವರು ಅರ್ಧ ಹೊತ್ತುಕೊಂಡರು ಅಂತ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ಸುಳ್ಳು ಒಬ್ಬ ಮುದುಕನನ್ನೂ ಕೆಡವಿತು ಅಂತಲೇ ಅನಿಸಿತು.

ಚಿಕ್ಕಮ್ಮ ಮುಂದೆ ಬಂದು ಎಲೆಯ ಕಟ್ಟನ್ನು ಎತ್ತಿಕೊಂಡಳು. ಒಲೆ ಹಚ್ಚಿದಳು. ಮೆಣಸು ಹುರಿದಳು, ಹುಳಿಗೆ ಕಾಚಂಪುಳಿ ಬಿಟ್ಟಳು, ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಬಟ್ಟಲಲ್ಲಿ ಹಾಕಿ ನನ್ನ ಮುಂದಿಟ್ಟಳು. ಅಜ್ಜ ತಮ್ಮ ಮಣೆಯನ್ನು ತಡಕಾಡಿ ಎಳೆದುಕೊಂಡು ನನ್ನ ಎದುರಿಗೆ ಕೂತರು. "ನಂಗೂ ಅರ್ಧ ಬಡ್ಸ್," ಅಂದರು. ಇಬ್ಬರೂ ಉಂಡೆವು. ಒಂದು ಚೂರನ್ನೂ ಬಿಡಲಿಲ್ಲ, ಬಿಡುವ ಹಾಗಿರಲಿಲ್ಲ. ಮಾಂಸ ಚೆನ್ನಾಗಿ ಬೆಂದಿತ್ತು. ಎಲುಬು ಉಳಿದವು. ಅವನ್ನು ಯಾರಿಗೆ ಹಾಕುವುದು ಅಂತ ನನಗೆ ಗೊತ್ತಾಗಲಿಲ್ಲ.

ಚಿಕ್ಕಮ್ಮ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಮೂರನೇ ವಾರದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಬಂದು ಹಿಂದೆ ಕೂತು ನನ್ನ ಜಡೆ ಹಾಕಿದಳು. ಹೌಂಡನ್ನು ಓಡಿಸಿಬಿಡಿ ಅಂತ ಊರಿನವರು ಹೇಳಿದರು. ಅಜ್ಜ ಒಪ್ಪಲಿಲ್ಲ. ಸುಳ್ಳು ಹೇಳಿದ್ದು ನಾವು, ಅದಲ್ಲ, ಅಂದರು. ಅದು ನಮ್ಮ ಮನೆಯಲ್ಲೇ ಮುದಿಯಾಯಿತು. ಅಜ್ಜ ತೀರಿಕೊಂಡ ದಿನ ಅಪ್ಪ ಅಂಗಳದಲ್ಲಿ ಎರಡು ಗುಂಡು ಹಾರಿಸುವ ಮೊದಲು ನಾನು ಹೋಗಿ ಪತ್ತಾಯದ ಕೆಳಗೆ ಅದರ ಪಕ್ಕ ಮಲಗಿದ್ದೆ. ಅಷ್ಟು ದೊಡ್ಡವಳಾಗಿದ್ದರೂ ಯಾರೂ ಬೈಯಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಮುಂಚಿನದು. ಅಪ್ಪ ಆಸ್ಪತ್ರೆಯಿಂದ ಬಂದದ್ದು ಕೊಯ್ಲಿನ ಹಬ್ಬ ಹುತ್ತರಿಗೆ ಸ್ವಲ್ಪ ದಿನ ಇರುವಾಗ. ಬಲಗಾಲು ಕುಂಟಾಗಿತ್ತು, ಕೊನೆಯವರೆಗೂ ಕುಂಟಾಗಿಯೇ ಉಳಿಯಿತು. ಬಂದ ಎರಡನೇ ದಿನ ನನ್ನ ಭುಜ ಹಿಡಿದುಕೊಂಡು ಎದುರುಗುಡ್ಡಕ್ಕೆ ಹೊರಟರು. ಗದ್ದೆಯ ಏರಿ ದಾಟಲು ತುಂಬಾ ಹೊತ್ತು ಬೇಕಾಯಿತು. ತೆನೆ ಹಣ್ಣಾಗಿತ್ತು. ಕೊಂಬೈಯನ್ನು ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದ್ದರು, ಮೇಲೆ ಒಂದು ಚಪ್ಪಡಿ ಕಲ್ಲು. ಅಪ್ಪ ಅಲ್ಲಿ ನಿಂತರು. ಅಜ್ಜ ಅವರಿಗೆ ಎಷ್ಟು ಹೇಳಿದ್ದರೋ ನನಗೆ ಗೊತ್ತಿಲ್ಲ. ಅವರು ನನ್ನನ್ನು ಯಾವತ್ತೂ ಏನೂ ಕೇಳಿರಲಿಲ್ಲ. ಆ ದಿನ ಒಂದೇ ಒಂದು ಮಾತು ಕೇಳಿದರು.

"ಕೊಟ್ಟಿಗೆ ಹಿಂದೆ ನೀ ಆ ನಾಯಿನ ಹೆಸರಿಟ್ಟ್ ಕರಿತಿದ್ದದ್ ನಂಗೆ ಕೇಳ್ತಿತ್ತ್," ಅಂದರು. "ಇದ್ಕೆ ಎಂತ ಹೆಸರಿಟ್ಟಿದ್ದೆ ಮಗಾ? ಒಂದ್ ಸಲ ಕರಿಯೊಕು ನಂಗೆ."

ಅಪ್ಪ ಕಾಯುತ್ತಾ ನಿಂತಿದ್ದರು. ಒಂದು ಹೆಸರನ್ನು ಆಗಲೇ ಹುಟ್ಟಿಸಿ ಹೇಳಬಹುದಿತ್ತು, ಅವರು ನಂಬುತ್ತಿದ್ದರು. ನಾಲಿಗೆಯ ತುದಿಗೆ ಒಂದೆರಡು ಬಂದವೂ ಕೂಡ.

"ಇಟ್ಟಿರ್ಲಿಲ್ಲೆ ಅಪ್ಪ," ಅಂದೆ.